ಬಿಸಿಲು ಜೋರಾದಾಗಲೇ ಸೋಲಾರ್ ನಿಲ್ಲುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಒಂಟಿ ಮನೆ, ಲೈನಿನ ಕೊನೆ. ಮಾಡಿನ ಮೇಲೆ 5 ಕಿಲೋವಾಟ್ ಸಿಂಗಲ್ ಫೇಸ್ ಸೋಲಾರ್ ಹಾಕಿಸಿದ್ದೇವೆ. ಮಧ್ಯಾಹ್ನ ಇನ್ವರ್ಟರ್ ‘ಗ್ರಿಡ್ ಓವರ್ ವೋಲ್ಟೇಜ್’ ಎಂದು ತೋರಿಸಿ ನಿಂತುಹೋಗುತ್ತದೆ. ಸಂಜೆ ನೋಡಿದರೆ ವೋಲ್ಟೇಜ್ 190! ಹಾಕಿಕೊಟ್ಟವರು ಲಿಮಿಟ್ಟನ್ನು 270ಕ್ಕೆ ಏರಿಸೋಣ ಅನ್ನುತ್ತಾರೆ. ಏರಿಸಬಹುದಾ? ಅಥವಾ ಸ್ಟೆಬಿಲೈಜರ್ ಹಾಕಲಾ?

ಉತ್ತರ: ಲಿಮಿಟ್ ಏರಿಸಲು ಮಾತ್ರ ಬಿಡಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದಂತೆ ವೋಲ್ಟೇಜ್ ಶೇ 110 ದಾಟಿದರೆ, ಅಂದರೆ 230ರ ಬದಲು 253 ಮೀರಿದರೆ, ಇನ್ವರ್ಟರ್ 2 ಸೆಕೆಂಡಿನೊಳಗೆ ಲೈನಿನಿಂದ ಬಿಡಿಸಿಕೊಳ್ಳಬೇಕು. ನಿಮ್ಮದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. 270ರವರೆಗೆ ಬಿಟ್ಟರೆ ಮನೆಯ ಫ್ರಿಜ್ಜು, ಟಿವಿ, ಬಲ್ಬು ಎಲ್ಲಕ್ಕೂ ಆ ಏಟು ಬೀಳುತ್ತದೆ. ಅಕ್ಕಪಕ್ಕದವರಿಗೂ ತಪ್ಪಿದ್ದಲ್ಲ. ಸ್ಟೆಬಿಲೈಜರ್ ಮನೆಯೊಳಗಿನ ಸಾಮಾನುಗಳನ್ನು ಕಾಯುತ್ತದೆ, ಲೈನಿಗೆ ಹೋಗುವ ಕರೆಂಟಿಗೆ ಅದರಿಂದ ಉಪಯೋಗವಿಲ್ಲ. ಸುಮ್ನೆ ದುಡ್ಡು ದಂಡ.

ಸಂಜೆಯ 190ಕ್ಕೂ ಮಧ್ಯಾಹ್ನದ ಟ್ರಿಪ್ಪಿಗೂ ಕಾರಣ ಒಂದೇ, ಉದ್ದದ ಸಣ್ಣ ತಂತಿ. ಸಂಜೆ ಊರೆಲ್ಲ ಕರೆಂಟ್ ಎಳೆಯುವಾಗ ತಂತಿಯಲ್ಲಿ ವೋಲ್ಟೇಜ್ ಸೋರಿ ಕೊನೆಯ ಮನೆಗೆ ಕಡಿಮೆ ಸಿಗುತ್ತದೆ. ಮಧ್ಯಾಹ್ನ ನೀವು ಆಚೆಗೆ ತಳ್ಳುತ್ತೀರಿ. ತಳ್ಳಬೇಕಾದರೆ ನಿಮ್ಮ ಕಡೆಯ ವೋಲ್ಟೇಜ್ ಟಿಸಿಯದ್ದಕ್ಕಿಂತ (ಊರಿನ ಟ್ರಾನ್ಸ್‌ಫಾರ್ಮರಿನದ್ದಕ್ಕಿಂತ) ಏರಲೇಬೇಕು. ಲೆಕ್ಕ ನೋಡಿ: 5 ಕಿಲೋವಾಟ್ ಅಂದರೆ ಸುಮಾರು 22 ಆಂಪಿಯರ್. ಟಿಸಿಯಿಂದ 300 ಮೀಟರ್ ‘ವೀಸಲ್’ ಎಂಬ ಸಣ್ಣ ಲೈನ್ ತಂತಿ ಇದ್ದರೆ, ಹೋಗಿ ಬರುವ ಎರಡೂ ತಂತಿ ಸೇರಿ 12 ವೋಲ್ಟ್ ಏರಿಕೆ. ಕಂಬದಿಂದ ಮನೆಗೆ 40 ಮೀಟರ್, 6 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಸರ್ವಿಸ್ ವೈರ್ ಇದ್ದರೆ ಇನ್ನೊಂದು 8. ಟಿಸಿಯಲ್ಲಿ 235 ಇದ್ದರೂ ಇನ್ವರ್ಟರಿಗೆ 255 ಕಾಣುತ್ತದೆ, ಅಲ್ವಾ?

ನನ್ನ ಸರ್ವಿಸೆಲ್ಲ ಲೈನ್ ಕೆಲಸದಲ್ಲೇ ಕಳೆದಿದೆ. ಇಂಥ ಕಡೆ ಹೋದರೆ ಮೊದಲು ನೋಡುತ್ತಿದ್ದುದು ಆ ಸರ್ವಿಸ್ ವೈರನ್ನೇ. 16 ಸ್ಕ್ವೇರ್ ಎಂಎಂ ಹಾಕಿದರೆ 8 ವೋಲ್ಟಿನ ಜಾಗದಲ್ಲಿ ಮೂರು ಚಿಲ್ಲರೆಯಾಗುತ್ತದೆ. ಬದಲಿಸುವ ಮುಂಚೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದು ಪರೀಕ್ಷೆ ಮಾಡಿಸಿ. ಒಳ್ಳೇ ಬಿಸಿಲಿನಲ್ಲಿ ಇನ್ವರ್ಟರ್ ಹತ್ತಿರ, ಮೀಟರ್ ಹತ್ತಿರ, ಕಂಬದ ಬಳಿ ವೋಲ್ಟೇಜ್ ಅಳೆಯಲಿ. ಸೋಲಾರ್ ಓಡುವಾಗ ಒಮ್ಮೆ, ಆಫ್ ಮಾಡಿ ಒಮ್ಮೆ. ಮನೆಯಿಂದ ಕಂಬದೊಳಗೇ ವ್ಯತ್ಯಾಸ ಜಾಸ್ತಿ ಇದ್ದರೆ ನಿಮ್ಮ ವೈರ್, ಇಲ್ಲವೇ ಸಡಿಲ ಜಾಯಿಂಟ್. ಸೋಲಾರ್ ಆಫ್ ಇದ್ದಾಗಲೂ 248, 250 ಬಂದರೆ ಅದು ಲೈನಿನವರು ನೋಡಬೇಕಾದ ವಿಷಯ. ಟಿಸಿಗೆ ವೋಲ್ಟೇಜ್ ಏರಿಳಿಸುವ ಟ್ಯಾಪ್ ಇದ್ದರೆ ಒಂದು ಮೆಟ್ಟಿಲು ಇಳಿಸಬಹುದು, ಆದರೆ ಸಂಜೆಯ 190 ಇನ್ನೂ ಇಳಿಯುತ್ತದೆ. ನಿಮ್ಮೂರಿಗೆ ಅದು ಬೇಡ.

ನಾನಾಗಿದ್ದರೆ ತ್ರೀ ಫೇಸ್ ಕೇಳುತ್ತಿದ್ದೆ. ಅದೇ 5 ಕಿಲೋವಾಟ್ ಮೂರು ಫೇಸಿಗೆ ಸಮನಾಗಿ ಹಂಚಿಹೋದರೆ ಒಂದೊಂದು ತಂತಿಯ ಕರೆಂಟ್ ಮೂರನೇ ಒಂದಾಗುತ್ತದೆ, ವಾಪಸ್ ಬರುವ ನ್ಯೂಟ್ರಲ್ ತಂತಿಯಲ್ಲಿ ಕರೆಂಟೇ ಇರುವುದಿಲ್ಲ, ಹಾಗಾಗಿ ಏರಿಕೆ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ವರ್ಟರ್ ಬದಲಿಸುವ ಖರ್ಚಿದೆ, ನಿಜ. ಅಲ್ಲಿಯವರೆಗೆ ಪಂಪು, ಗೀಸರ್, ಗ್ರೈಂಡರ್ ಎಲ್ಲ ಮಧ್ಯಾಹ್ನವೇ ಓಡಿಸಿ. ಇನ್ವರ್ಟರಿನಲ್ಲಿ ‘ವೋಲ್ಟ್-ವಾಟ್’ ಸೆಟ್ಟಿಂಗ್ ಇದ್ದರೆ ಹಾಕಿಸಿ. ಆಗ ಪೂರ್ತಿ ನಿಲ್ಲುವ ಬದಲು ಉತ್ಪಾದನೆ ಸ್ವಲ್ಪ ತಗ್ಗಿಸಿಕೊಂಡು ಓಡುತ್ತದೆ. ಸೆಕ್ಷನ್ ಆಫೀಸಿಗೆ ಬರೆಯುವಾಗ ಅಳತೆಗಳನ್ನು ತಾರೀಕು, ಗಂಟೆ ಸಮೇತ ಲಗತ್ತಿಸಿ.