ಕೇಳಿದ್ದೀರಿ, ಹೇಳ್ತೇವೆ: ಚಿತ್ರ ನೋಡ್ಲಿಕ್ಕೆ ಎಲ್ಲಿಗೆ ಹೋಗುದು?

ಪ್ರಶ್ನೆ: ಮಕ್ಕಳಿಗೆ ರಜೆ, ಒಳ್ಳೆ ಪೇಂಟಿಂಗ್ ತೋರಿಸ್ಬೇಕಂತ ಆಸೆ ಉಂಟು. ಬೆಂಗಳೂರಿಗೇ ಹೋಗ್ಬೇಕಾ, ನಮ್ಮ ಹತ್ರ ಎಂತದೂ ಇಲ್ವಾ?
– ಓದುಗರು, ಬದಿಯಡ್ಕ

ಉತ್ತರ: ಬೆಂಗಳೂರು ಯಾಕೆ ಮಾರಾಯ್ರೇ, ಕಾಸರಗೋಡಲ್ಲಿ ಬೆಳಗ್ಗಿನ ಗಾಡಿ ಹತ್ತಿ ಮಂಗಳೂರಲ್ಲಿ ಇಳ್ದು ಬಾವುಟಗುಡ್ಡೆಗೆ ಹೋಗಿ, ಅಲ್ಲಿ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದ್ರೆ ಕಾಲೇಜಿನದ್ದೇ ಚರ್ಚು, ಉಂಟಲ್ಲ, ಅದರ ಗೋಡೆ ಮಾಡು ಎಲ್ಲ ಚಿತ್ರವೇ. ಇಟಲಿಯ ಆಂಟೋನಿಯೊ ಮೊಸ್ಕೇನಿ ಅನ್ನುವ ಜೆಸ್ವಿಟ್ ಬ್ರದರ್ 1899ರ ಹೊತ್ತಿಗೆ ಶುರು ಮಾಡಿದ ಕೆಲಸ. ಅಲ್ಲಿಯ ಗೋಡೆಚಿತ್ರಗಳು ಫ್ರೆಸ್ಕೋ, ಅಂದ್ರೆ ಸುಣ್ಣದ ಗಾರೆ ಮೆತ್ತಿ ಅದು ಹಸಿ ಇರುವಾಗ್ಲೇ ಬಣ್ಣ ಹಚ್ಚುದು, ಒಣಗುವಾಗ ಬಣ್ಣ ಗಾರೆಯೊಳಗೇ ಕೂತುಬಿಡ್ತದೆ, ಹಾಗಾಗಿ ಅವತ್ತು ಮೆತ್ತಿದ್ದು ಅವತ್ತೇ ಮುಗಿಸ್ಬೇಕು, ಆಮೇಲೆ ತಿದ್ದುವ ಕತೆ ಇಲ್ಲ. ಅಲ್ಲಿ ಕ್ಯಾನ್ವಾಸಿನ ಎಣ್ಣೆಬಣ್ಣದ ಚಿತ್ರಗಳೂ ಉಂಟು, ಯಾವುದು ಗೋಡೆ ಯಾವುದು ಬಟ್ಟೆ ಅಂತ ಮಕ್ಕಳಿಗೇ ಹುಡುಕ್ಲಿಕ್ಕೆ ಬಿಡಿ. ಪ್ರಾರ್ಥನೆ ನಡೆಯುವ ಜಾಗ, ಸ್ವಲ್ಪ ಗಲಾಟೆ ಕಮ್ಮಿ ಇರ್ಲಿ. ದಕ್ಷಿಣಕ್ಕೆ ಹೋಗುದಾದ್ರೆ ಕಾಞಂಗಾಡಲ್ಲಿ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಉಂಟು, ಅಲ್ಲಿ ಎಕ್ಸಿಬಿಷನ್ ಬದಲಾಗ್ತಾ ಇರ್ತದೆ.

ಪ್ರಶ್ನೆ: ಕೊಚ್ಚಿ ಬಿಯೆನ್ನಾಲೆಗೆ, ಎರಡು ವರ್ಷಕ್ಕೊಮ್ಮೆ ಆಗುವ ಆ ಕಲಾ ಪ್ರದರ್ಶನಕ್ಕೆ, ಒಮ್ಮೆ ಹೋಗಿದ್ದೆ. ಹಗ್ಗ, ತಗಡು, ಕತ್ತಲೆ ಕೋಣೇಲಿ ವಿಡಿಯೋ. ತಲೆಬುಡ ಅರ್ಥ ಆಗ್ಲಿಲ್ಲ. ಇನ್ನೊಮ್ಮೆ ಹೋಗ್ಬೇಕಾ?
– ಓದುಗರು, ಕುಂಬಳೆ

ಉತ್ತರ: ಹೋಗಿ, ಆದ್ರೆ ಎಲ್ಲ ನೋಡ್ಬೇಡಿ. ಅರ್ಧಕ್ಕರ್ಧ ನನಗೂ ಅರ್ಥ ಆಗುದಿಲ್ಲ, ಕೆಲವಂತೂ ಬೋರೇ, ಅದನ್ನು ಹೇಳ್ಲಿಕ್ಕೆ ನಾಚಿಕೆ ಎಂತದ್ದು. 2012ರ ಡಿಸೆಂಬರ್ 12ಕ್ಕೆ ಶುರುವಾದದ್ದು ಇದು, ಬೋಸ್ ಕೃಷ್ಣಮಾಚಾರಿ ಮತ್ತೆ ರಿಯಾಸ್ ಕೋಮು ಅನ್ನುವ ಇಬ್ಬರು ಕಲಾವಿದರು ಹುಟ್ಟುಹಾಕಿದ್ದು. ಮ್ಯೂಸಿಯಂನ ಬಿಳಿ ಗೋಡೆಯಲ್ಲಲ್ಲ, ಫೋರ್ಟ್ ಕೊಚ್ಚಿಯ ಹಳೇ ವ್ಯಾಪಾರದ ಗೋದಾಮುಗಳಲ್ಲೇ ಇಡುದು, ಕಟ್ಟಡವನ್ನೂ ಸೇರ್ಸಿ ನೋಡಿದ್ರೆ ಮಾತ್ರ ರುಚಿ ಹತ್ತುದು. 2014ರಲ್ಲಿ ಶಿಲ್ಪಿ ಅನೀಶ್ ಕಪೂರ್ ಅಂಥದ್ದೇ ಒಂದು ಹಳೇ ಕಟ್ಟಡವಾದ ಆಸ್ಪಿನ್‌ವಾಲ್ ಹೌಸಿನ ನೆಲದಲ್ಲಿ ಒಂದು ಗುಂಡಿ ಮಾಡಿ ನೀರು ಗಿರಗಿರ ತಿರುಗಿ ಒಳಗೆ ಇಳಿತಾನೇ ಇರುವ ಹಾಗೆ ಮಾಡಿದ್ರು, ಪಕ್ಕದಲ್ಲೇ ಸಮುದ್ರ, ಒಳಗೆ ಕಾಲ ಬುಡದಲ್ಲಿ ಸುಳಿ! ಅದಕ್ಕೆ ಅರ್ಥ ಯಾಕೆ ಬೇಕು, ಹತ್ರ ನಿಂತ್ರೆ ಹೆದರಿಕೆ ಆಗ್ತದಾ ಇಲ್ವಾ ಅಷ್ಟೇ. ಹಾಗಾಗಿ ಒಂದು ದಿನಕ್ಕೆ ಎರಡೇ ಜಾಗ ಇಟ್ಕೊಳ್ಳಿ, ಗೋಡೆಯ ಬೋರ್ಡು ಕೊನೆಗೆ ಓದಿ. ಎರ್ನಾಕುಳದಿಂದ ಬೋಟಲ್ಲೇ ಹೋಗಿ, ರೋಡಲ್ಲಿ ಬ್ಲಾಕ್ ಸಿಕ್ಕಿದ್ರೆ ಅರ್ಧ ದಿನ ಅಲ್ಲೇ ಹೋಯ್ತು.

ಪ್ರಶ್ನೆ: ರವಿವರ್ಮ ಬಿಡಿಸಿದ ದೀಪ ಹಿಡ್ದ ಹೆಂಗಸಿನ ಚಿತ್ರ ಮೈಸೂರಲ್ಲಿ ಎಲ್ಲುಂಟು?
– ಓದುಗರು, ಮುಳ್ಳೇರಿಯ

ಉತ್ತರ: ಜಗನ್ಮೋಹನ ಅರಮನೆಯಲ್ಲಿ. ಆದ್ರೆ ಅದು ರವಿವರ್ಮನದ್ದಲ್ಲ, ಎಸ್.ಎಲ್. ಹಳದಣಕರ್ ಅವರದ್ದು, ಮಗಳು ಗೀತಾಳನ್ನೇ ನಿಲ್ಲಿಸಿ ಬಿಡಿಸಿದ್ದು. ಎಲ್ರೂ ಮುಖ ನೋಡ್ತಾರೆ, ನೀವು ಬೆರಳು ನೋಡಿ, ದೀಪಕ್ಕೆ ಅಡ್ಡ ಹಿಡ್ದ ಕೈಯ ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ದಾಟ್ತದೆ, ಅದೂ ಜಲವರ್ಣದಲ್ಲಿ. ರವಿವರ್ಮನ ಒರಿಜಿನಲ್‌ಗಳೂ ಅದೇ ಅರಮನೆಯಲ್ಲುಂಟು, ಅದನ್ನೂ ಬಿಡ್ಬೇಡಿ.

ಪ್ರಶ್ನೆ: ನಮ್ಮ ಅಂಗಡಿಗೆ ಸೋಮವಾರ ರಜೆ. ಅವತ್ತು ಗ್ಯಾಲರಿಗೆ ಹೋಗ್ಬಹುದಾ?
– ಓದುಗರು, ಉಪ್ಪಳ

ಉತ್ತರ: ಅವರಿಗೂ ಅವತ್ತೇ ರಜೆ ಸ್ವಾಮಿ! ಬೆಂಗಳೂರಿನ ನ್ಯಾಷನಲ್ ಗ್ಯಾಲರಿ, ತಿರುವನಂತಪುರದ ಶ್ರೀಚಿತ್ರಾ ಗ್ಯಾಲರಿ ಎರಡೂ ಸೋಮವಾರ ಬಂದ್. ಅಂಗಡಿಯಲ್ಲಿ ಒಂದು ಮಂಗಳವಾರ ಯಾರನ್ನಾದ್ರೂ ಕೂರಿಸಿ.