ವಾಗ್ನರ್ ಅಂದರೆ ನಮ್ಮ ಬಡಿಗೇರ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ವಾರ ಆಯಿತು, ಮನೆ ಮಾಲೀಕರ ಹೆಸರು ವಾಗ್ನರ್, ಇದು ಅವರ ಜಾತಿಯಾ, ಅವರನ್ನು ಏನಂತ ಕರೆಯಲಿ ಎಂದು ಕೇಳಿದ್ದೀರಿ.

ಮೊದಲು ಕರೆಯುವ ವಿಷಯ. 'ಹೆರ್ ವಾಗ್ನರ್' ಅನ್ನಿ. ವ್ಯಾಗ್ನರ್ ಅಲ್ಲ, ವಾಗ್ನರ್. ಅವರ ಹೆಂಡತಿಯನ್ನು 'ಫ್ರಾವ್ ವಾಗ್ನರ್' ಅನ್ನಿ. ಅವರಾಗಿಯೇ ಹೇಳುವ ತನಕ ಮೊದಲ ಹೆಸರು ಹಿಡಿದು ಕರೆಯಬೇಡಿ.

ಜಾತಿ ಅಲ್ಲ, ಕಸುಬಿನ ಹೆಸರು. ವಾಗನ್ ಅಂದರೆ ಗಾಡಿ, ಫೋಕ್ಸ್‌ವಾಗನ್ ಕಾರಿನ ಹೆಸರಲ್ಲಿರುವುದೂ ಅದೇ ಪದ. ವಾಗ್ನರ್ ಅಂದರೆ ಮರದ ಗಾಡಿ, ಗಾಲಿ ಮಾಡುವವನು. ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ಚಕ್ಕಡಿಯ ಗಾಲಿ ಮಾಡುವವರು ಬಡಿಗೇರರು, ಅದಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಕೂರಿಸುವವರು ಕಂಬಾರರು. ಇಲ್ಲೂ ಹಾಗೇ ಇತ್ತು, ಮರದ ಕೆಲಸ ವಾಗ್ನರ್‌ದು, ಕಬ್ಬಿಣದ್ದು ಶ್ಮಿಟ್‌ದು, ಎರಡೂ ಕಡೆ ಕಸುಬೇ ಅಡ್ಡಹೆಸರಾಯಿತು. ಇದು ತಿಳಿದ ದಿನ ಈ ದೇಶ ನನಗೆ ಸ್ವಲ್ಪ ಹತ್ತಿರವಾಯಿತು.

12ನೇ ಶತಮಾನದ ಹೊತ್ತಿಗೆ ಇಲ್ಲಿನ ಪೇಟೆಗಳು ಬೆಳೆಯತೊಡಗಿದ್ದವು. ಒಂದೇ ಪೇಟೆಯಲ್ಲಿ ಹತ್ತಾರು ಹಾನ್ಸ್, ಹತ್ತಾರು ಹೈನ್‌ರಿಶ್. ತೆರಿಗೆ ಬರೆಯುವವನಿಗೆ ಯಾವ ಹಾನ್ಸ್ ಅಂತ ಗೊತ್ತಾಗಬೇಕಲ್ವಾ? ಗಾಡಿ ಮಾಡುವ ಹಾನ್ಸ್ ಅಂತ ಬರೆದುಕೊಂಡ. ಆಮೇಲೆ ಮೊಮ್ಮಗ ದರ್ಜಿಯಾದರೂ ವಾಗ್ನರ್ ಆಗಿಯೇ ಉಳಿದ. ಇವತ್ತು ಆ ಹೆಸರು ನೋಡಿ ಯಾರೂ ಮೇಲು ಕೀಳು ಅಳೆಯುವುದಿಲ್ಲ, ಹೆಣ್ಣು ಗಂಡು ನೋಡುವುದಿಲ್ಲ. ಜರ್ಮನಿಯಲ್ಲಿ ಅತಿ ಹೆಚ್ಚು ಕಾಣುವ ಹೆಸರುಗಳೇ ಇಂಥವು: ಮ್ಯುಲರ್ ಹಿಟ್ಟಿನ ಗಿರಣಿಯವನು, ಶ್ನೈಡರ್ ದರ್ಜಿ, ಫಿಶರ್ ಮೀನುಗಾರ, ವೇಬರ್ ನೇಕಾರ.

ಇನ್ನೊಂದು ಮಜಾ ಇದೆ. ವಾಗ್ನರ್ ಅನ್ನುವುದು ದಕ್ಷಿಣದವರ ಮಾತು. ಅದೇ ಕಸುಬಿನವನು ವಾಯವ್ಯದ ಕಡೆ ರಾಡೆಮಾಖರ್, ಅಂದರೆ ಗಾಲಿ ಮಾಡುವವನು. ಈಶಾನ್ಯಕ್ಕೆ ಹೋದರೆ ಶ್ಟೆಲ್‌ಮಾಖರ್. ಹೆಸರು ಕೇಳಿದರೆ ಅಜ್ಜ ಮುತ್ತಜ್ಜ ಯಾವ ಸೀಮೆಯವರು ಅಂತ ಒಂದು ಅಂದಾಜು ಸಿಗುತ್ತದೆ.

ಈಗ ನಿಮ್ಮ ಹೆಸರಿಗೆ ಬನ್ನಿ. ಇಲ್ಲಿ ಫ್ಲ್ಯಾಟ್‌ಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ, ಪೋಸ್ಟಿನವರು ಡಬ್ಬಿಯ ಮೇಲಿನ ಹೆಸರು ನೋಡಿಯೇ ಪತ್ರ ಹಾಕುತ್ತಾರೆ. ನಾನು ಬಂದ ಹೊಸತರಲ್ಲಿ ಹೆಸರು ಅಂಟಿಸಿರಲಿಲ್ಲ, ಬ್ಯಾಂಕ್ ಕಾರ್ಡ್ ವಾಪಸ್ ಹೋಗಿ ಮೂರು ವಾರ ಒದ್ದಾಡಿದೆ. ಪಾಸ್‌ಪೋರ್ಟಿನಲ್ಲಿ ಸರ್ನೇಮ್ ಅಂತ ಅಪ್ಪನ ಹೆಸರಿರಲಿ, ಊರಿನ ಹೆಸರಿರಲಿ, ಅದನ್ನೇ ಬೆಲ್ ಮೇಲೂ ಡಬ್ಬಿ ಮೇಲೂ ಹಾಕಿಸಿ. ಹೆರ್ ವಾಗ್ನರ್ ಅವರನ್ನು ಇವತ್ತೇ ಕೇಳಿ.