ಓದುಗರ ಪ್ರಶ್ನೆ: ಟೈಮ್‌ಲೈನ್ ತಡವರಿಸಿದರೆ

ಪ್ರಶ್ನೆ: ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಐ5-12400 ಪ್ರೊಸೆಸರ್, 16 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಹೊಸ ಕ್ಯಾಮೆರಾದ 4ಕೆ, 10-ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿರುವ, ಬಿಗಿಯಾಗಿ ಕುಗ್ಗಿಸಿದ) ಫೈಲ್‌ಗಳು ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ತಡೆದು ತಡೆದು ಓಡುತ್ತವೆ. ಕಾರ್ಡ್ ಬದಲಿಸಲೇ?

ಉತ್ತರ: ಈಗಲೇ ಬೇಡ. 4:2:2 ಎಚ್.265 ಅನ್ನು ಬಿಡಿಸುವ (ಡಿಕೋಡ್ ಮಾಡುವ) ಸರ್ಕ್ಯೂಟ್ 3060ರಲ್ಲಿ ಇಲ್ಲ. ನಿಮ್ಮ ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲಿದೆ. (12400ಎಫ್ ಆಗಿದ್ದರೆ ಅದೂ ಇಲ್ಲ, ಬಿಲ್ ನೋಡಿ.) ಕಾರ್ಡ್ ಹಾಕಿದಾಗ ಬಯೋಸ್ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಈ ಒಳಗಿನ ಗ್ರಾಫಿಕ್ಸ್ ಅನ್ನು ಆಫ್ ಮಾಡಿರುವುದುಂಟು. ಬಯೋಸ್‌ನಲ್ಲಿ ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಪ್ರೀಮಿಯರ್‌ನ ಪ್ರಿಫರೆನ್ಸಸ್–ಮೀಡಿಯಾದಲ್ಲಿ ಇಂಟೆಲ್ ಡಿಕೋಡಿಂಗ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ಆಮೇಲೆ ದುಡ್ಡಿದ್ದರೆ ಅದೇ ವೇಗದ ಇನ್ನೊಂದು 16 ಜಿಬಿ ಸ್ಟಿಕ್. ನಾಲ್ಕು ಸ್ಲಾಟ್‌ಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೆಯದರಲ್ಲಿ ಎರಡೂ ಸ್ಟಿಕ್ ಹಾಕಿ. ಮಲ್ಟಿಕ್ಯಾಮ್‌ಗೆ (ಹಲವು ಕ್ಯಾಮೆರಾಗಳ ಫೈಲ್ ಒಟ್ಟಿಗೆ ಎಡಿಟ್ ಮಾಡುವಾಗ) ಮಾತ್ರ ಪ್ರಾಕ್ಸಿ (ಎಡಿಟಿಂಗ್‌ಗಾಗಿ ಹಗುರ ನಕಲು) ಮಾಡಿಕೊಳ್ಳುವುದೇ ಲೇಸು.